ಆಂಪ್ ಬೇಡ, ಸ್ಪೀಕರ್ರೇ ಆಗ್ಲಿ ಕಣೋ

ಲೋ ಡಬಲ್ ಕ್ಯಾಸೆಟ್,

ವಾಟ್ಸಾಪಲ್ಲಿ ಬರೆದ್ರೆ ಒಂದು ಹೆಬ್ಬೆಟ್ಟು ಒತ್ತಿ ಮಲ್ಕೊಂಡ್ಬಿಡ್ತೀಯ ಅಂತ ಇಲ್ಲಿ ಎಲ್ಲರ ಎದುರಿಗೇ ಹಾಕ್ತಿದೀನಿ, ಈಗ ಹೇಗೆ ತಪ್ಪಿಸ್ಕೋತೀಯೋ ನೋಡೋಣ. ವಿಷ್ಯ ಹಳೇದೇ. ಚೀಟಿ ದುಡ್ಡು ಬಂತು, ಸ್ಕೂಲ್ ಫೀಸು ಅದು ಇದು ಎಲ್ಲ ಕಳೆದು ನನ್ನ ಪಾಲಿಗೆ 40,000 ಉಳೀತು, ಸ್ಟೀರಿಯೋದಲ್ಲಿ ಒಂದನ್ನ ಬದಲಾಯಿಸ್ಬೋದು. ಒಂದೇ ಒಂದು.

ನಿನ್ನ ಮಂತ್ರ ಗೊತ್ತು, ಆಂಪ್ ಆಂಪ್ ಆಂಪ್, ಸ್ಪೀಕರಿಗೆ ಪವರ್ ಕೊಡೋ ಆಂಪ್ಲಿಫೈಯರ್ 50 ವಾಟಿಂದು ಸಾಲಲ್ಲ 100 ಬೇಕು. ಲೆಕ್ಕ ಹಾಕು ಗುರು. ವಾಟ್ ಡಬಲ್ ಆದ್ರೆ ಸಿಗೋದು ಬರೀ 3 ಡೆಸಿಬೆಲ್, 'ಹ್ಞಾಂ, ಏನೋ ಚೂರು ಜಾಸ್ತಿ ಆಯ್ತು' ಅನ್ಸುತ್ತೆ ಅಷ್ಟೆ. ಸದ್ದು ಎರಡರಷ್ಟಾಯ್ತು ಅನ್ನಿಸ್ಬೇಕಂದ್ರೆ 10 ಡೆಸಿಬೆಲ್, ಅಂದ್ರೆ 500 ವಾಟ್, ಅಷ್ಟು ಹಾಕಿದ್ರೆ ಮೇಲಿನ ಮನೆ ಮೇಷ್ಟ್ರು ಪಂಚೆ ಎತ್ತಿ ಕಟ್ಕೊಂಡು ಕೆಳಗೆ ಬರ್ತಾರೆ. ಅದರ ಬದಲು 84 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ಪವರಿಗೆ ಎಷ್ಟು ಸದ್ದು ಕೊಡುತ್ತೆ ಅನ್ನೋ ಲೆಕ್ಕ) ನನ್ನ ಸ್ಪೀಕರ್ ತೆಗೆದು 87ರದ್ದು ಇಟ್ರೆ ಇದೇ ಮುದಿ ಆಂಪೇ 100 ವಾಟಿನ ಕೆಲಸ ಮಾಡುತ್ತೆ. ಡಿಜಿಟಲ್ ಹಾಡನ್ನ ಆಂಪಿಗೆ ಬೇಕಾದ ಸಿಗ್ನಲ್ ಮಾಡಿಕೊಡೋ ಡ್ಯಾಕಿಗೆ ದುಡ್ಡು ಸುರಿಯೋ ಕಾಲ ಹೋಯ್ತು, ಫೋನಿಗೆ ಸಿಕ್ಕಿಸೋ ಬೆರಳುದ್ದದ ಡಾಂಗಲ್ಲೇ ನಮ್ಮಂಥವರಿಗೆ ಸಾಕು. ಕೇಬಲ್ ಬಗ್ಗೆ ಮಾತೇ ಬೇಡ.

ಸ್ಪೀಕರ್ ಕಥೆನೂ ಮುಗಿದಿದೆ ಅನ್ನು. ದಪ್ಪ ಸದ್ದು ಕೊಡೋ ವೂಫರ್ ಸುತ್ತ ಇರೋ ಫೋಮ್ ಮುಟ್ಟಿದ್ರೆ ಪುಡಿ ಉದುರುತ್ತೆ, ಹದಿನೈದಿಪ್ಪತ್ತು ವರ್ಷಕ್ಕೆ ಆ ಫೋಮಿನ ಹಣೆಬರಹ ಅಷ್ಟೆ. ಹಾಗೇ ಇನ್ನೊಂದು ಮಾತು, ನಮ್ಮ ರೂಮ್ 12 ಅಡಿ ಉದ್ದ ಅಲ್ವಾ, ಆ ಎರಡು ಗೋಡೆ ಮಧ್ಯೆ ಸುಮಾರು 47 ಹರ್ಟ್ಸಿನ ದಪ್ಪ ಸದ್ದು ಸಿಕ್ಕಾಕ್ಕೊಂಡು ಗುಂಯ್ ಅಂತಿರುತ್ತೆ, ಅದಕ್ಕೆ ಯಾವ ಆಂಪೂ ಮದ್ದಲ್ಲ. ಸ್ಪೀಕರನ್ನ ಮೂಲೆಯಿಂದ ಎರಡಡಿ ಈಚೆಗೆ ಎಳೆದಿಟ್ಟೆ, ಅರ್ಧ ಗುಂಯ್ ಹೋಯ್ತು. ಖರ್ಚು ಸೊನ್ನೆ. ಕಸ ಗುಡಿಸೋರ ಬೈಗುಳ ಬೇರೆ ಲೆಕ್ಕ.

ಇಲ್ಲಿಗೇ ಪತ್ರ ಮುಗಿಸೋಣ ಅಂತಿದ್ದೆ ಕಣೋ. ಆದ್ರೆ ಟೆಸ್ಟ್ ಟೋನ್ ಹಾಕ್ಕೊಂಡು ಸ್ಪೀಕರ್ ಎಷ್ಟು ಮೇಲಕ್ಕೆ ಹೋಗುತ್ತೆ ನೋಡ್ತಿದ್ನಲ್ಲ, 10,000 ಹರ್ಟ್ಸ್ ದಾಟ್ತಿದ್ದ ಹಾಗೆ ಏನೂ ಇಲ್ಲ, ಸರಿ ಮೇಲಿನ ಸದ್ದು ಕೊಡೋ ಟ್ವೀಟರೂ ಹೋಯ್ತು ಅಂತ ಬರ್ಕೊಂಡೆ. ಅಷ್ಟರಲ್ಲಿ ಆಚೆ ರೂಮಿಂದ ಮಗಳು ಕಿವಿ ಮುಚ್ಕೊಂಡು ಓಡಿ ಬಂದ್ಲು, 'ಅಪ್ಪಾ, ಆಫ್ ಮಾಡು, ತಲೆ ಸಿಡೀತಿದೆ.' ಆಗ 13,000ದಲ್ಲಿತ್ತು. ನನಗೆ ಫ್ಯಾನ್ ಸದ್ದು ಬಿಟ್ರೆ ಬೇರೇನೂ ಇಲ್ಲ.

ಕಿವಿ ತೋರಿಸೋಕೆ ಮೈಸೂರಿನ ಮಾನಸಗಂಗೋತ್ರಿ ಸ್ಪೀಚ್ ಅಂಡ್ ಹಿಯರಿಂಗಿಗೆ ಹೋದೆ. ಹೆಡ್‌ಫೋನ್ ಹಾಕಿ ಒಂದು ಪುಟ್ಟ ರೂಮಲ್ಲಿ ಕೂರಿಸ್ತಾರೆ, ಬೀಪ್ ಕೇಳಿದಾಗ ಬಟನ್ ಒತ್ಬೇಕು, ಆ ರೂಮಿನ ನಿಶ್ಶಬ್ದ ಇದ್ಯಲ್ಲ, ಟೆಸ್ಟ್ ಬಿಟ್ಟು ನಾನು ಬಾಗಿಲು ಎಷ್ಟು ದಪ್ಪ ಇದೆ ಅಂತ ನೋಡ್ತಿದ್ದೆ. ಕೊಟ್ಟ ಚೀಟಿ ಥೇಟ್ ನಮ್ಮ ಸ್ಪೀಕರಿನ ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫೇ, ಯಾವ ಹರ್ಟ್ಸ್ ಎಷ್ಟು ಕೇಳುತ್ತೆ ಅಂತ. 2000ದವರೆಗೆ ಚೆನ್ನಾಗಿದೆ, 4000ಕ್ಕೆ ಬಂದ್ರೆ ಗುಂಡಿ, ಎಡಗಿವಿಗಿಂತ ಬಲಗಿವೀಲಿ ಗುಂಡಿ ಸ್ವಲ್ಪ ಆಳ. ಜೋರು ಸದ್ದಿಗೆ ಸಿಕ್ಕ ಕಿವಿ ಸಾಮಾನ್ಯವಾಗಿ ಮೊದಲು ಕೆಡೋದೇ ಅಲ್ಲಂತೆ. ಗಣಪತಿ ಆರ್ಕೆಸ್ಟ್ರಾದಲ್ಲಿ ಸ್ಪೀಕರ್ ಕಾಲಮ್ಮಿಗೆ ಒರಗಿಕೊಂಡೇ ನಿಲ್ತಿದ್ವಲ್ಲ, ನೀನೂ ಒಂದ್ಸಲ ತೋರಿಸ್ಕೋ.

ಸಂಗೀತಕ್ಕೆ ದೊಡ್ಡ ನಷ್ಟ ಇಲ್ಲ ಅಂತ ನಾನೇ ಸಮಾಧಾನ ಮಾಡ್ಕೊಂಡೆ. ಪಿಯಾನೋದ ಕೊಟ್ಟಕೊನೇ ಕೀನೇ 4186 ಹರ್ಟ್ಸ್, ಗಂಟಲಿನ ಸ್ವರ ಅದಕ್ಕಿಂತ ಎಷ್ಟೋ ಕೆಳಗೆ, ಅಂದ್ರೆ ಮಲ್ಲಿಕಾರ್ಜುನ ಮನ್ಸೂರರು ನನಗಿನ್ನೂ ಸಿಗ್ತಾರೆ, ತಂಬೂರಿ ಝೇಂಕಾರದಲ್ಲಿ ಮೇಲಿನದು ಸ್ವಲ್ಪ ಹೋಯ್ತು. ಹೆದರಿಕೆ ಬೇರೆ. ಮಾತಿನ ಸ, ಶ, ಫ ಎಲ್ಲ ಇರೋದು ಆ ಮೇಲಿನ ಏರಿಯಾದಲ್ಲೇ. ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಅಪ್ಪ ಕೊನೆಕೊನೆಗೆ ಮದುವೆ ಪಂಕ್ತೀಲಿ ಕೂತ್ರೆ ಎಲ್ಲರೂ ನಕ್ಕು ಅರ್ಧ ಸೆಕೆಂಡ್ ಆದ್ಮೇಲೆ ನಗ್ತಿದ್ರು, ನೋಡಿದೀಯ ನೀನು. ನಾನೀಗ ಅದೇ ಶುರು ಮಾಡಿದೀನಿ. ದೀಪಾವಳಿ ಟೈಮಲ್ಲಿ ನೀನು ಬಸ್ ಸ್ಟ್ಯಾಂಡಿಂದ ಫೋನ್ ಮಾಡಿದ್ಯಲ್ಲ, ಏನೋ ಹೇಳ್ತಾ ಹೇಳ್ತಾ ದನಿ ಸಣ್ಣಗಾಯ್ತು, ನಾನು ನಕ್ಕೆ. ನೀನು ಸ್ವಲ್ಪ ಹೊತ್ತು ಸುಮ್ನಿದ್ದು ಫೋನಿಟ್ಟೆ. ಅವತ್ತು ನೀನೇನು ಹೇಳ್ದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಕಣೋ.

ಸರಿ ಬಿಡು, ಜಾಸ್ತಿ ಆಯ್ತು. ಓದ್ತಿರೋ ಮಿಕ್ಕವರು ದಯವಿಟ್ಟು ಬೆಳ್ಳುಳ್ಳಿ ಎಣ್ಣೆ ಬಿಡಿ ಅಂತ ಶುರು ಮಾಡ್ಬೇಡಿ. ಕಿವಿ ಮಿಷನ್ ಸದ್ಯಕ್ಕೆ ಬೇಡ, ವರ್ಷಕ್ಕೊಂದ್ಸಲ ಬನ್ನಿ ಅಂದಿದಾರೆ.

ಈಗ ಪ್ರಶ್ನೆ ಏನಪ್ಪಾ ಅಂದ್ರೆ, ಸ್ಪೀಕರ್ ಯಾರ ಕಿವಿಗೆ ತಗೋಬೇಕು? ನನಗೆ 'ಆಹಾ' ಅನ್ಸೋದನ್ನ ತಂದ್ರೆ ಮನೇಲಿ ಮಿಕ್ಕವರಿಗೆ ಟಿನ್ ಬಡಿದ ಹಾಗಿರುತ್ತೆ. ನಾನು ಟ್ರೆಬಲ್, ಅಂದ್ರೆ ಮೇಲಿನ ಸದ್ದು, ಜಾಸ್ತಿ ಮಾಡಿ ಎದ್ದ ತಕ್ಷಣ ಇವಳು ಬಂದು ಯಾಕೆ ಇಳಿಸ್ತಾಳೆ ಅಂತ ಈಗ ಗೊತ್ತಾಯ್ತು. ಅದಕ್ಕೇ ಮಗಳು ಆರಿಸಿದ್ದೇ ಫೈನಲ್, ನನಗೆ ಬೇಕಾದಾಗ ಟ್ರೆಬಲ್ ನಾಬ್ ತಿರುಗಿಸ್ಕೋತೀನಿ, ನಾಬ್ ಇರೋದು ಹಳೇ ಆಂಪಲ್ಲಿ, ಆದ್ದರಿಂದ ಆಂಪ್ ಎಲ್ಲೂ ಹೋಗಲ್ಲ. ಟೋನ್ ಕಂಟ್ರೋಲ್ ಮುಟ್ಟೋರು ಸಂಗೀತದ್ರೋಹಿಗಳು ಅಂತ ಭಾಷಣ ಬಿಗೀತಿದ್ದ ಮಹಾನುಭಾವರು ಎಲ್ಲಿದಾರೋ ಏನೋ, ಪಾಪ.

ಭಾನುವಾರ ಡೆಮೋ ಕೇಳೋಕೆ ಬೆಂಗ್ಳೂರಿಗೆ ಬರ್ತೀವಿ, ಮಧ್ಯಾಹ್ನ ಊಟಕ್ಕೆ ಸಿಗು. ನನ್ನ ಎಡಗಡೆ ಕೂತ್ಕೊಂಡು ಅವತ್ತಿನ ಮಾತು ಇನ್ನೊಂದ್ಸಲ ಹೇಳು. ಫೋನ್ ಬೇಡ, ಎಲ್ಲಿಗೆ ಬರ್ಬೇಕು ಅಂತ ಮೆಸೇಜ್ ಹಾಕು. ಮತ್ತೆ ನನ್ನ ಸ್ಕ್ರೂಡ್ರೈವರ್ ಸೆಟ್ ನಿನ್ನ ಹತ್ರಾನೇ ಇದೆ, ಇಲ್ಲ ಅನ್ಬೇಡ, ಎಲ್ಲರೂ ನೋಡ್ತಿದಾರೆ.