ಡಾಕ್ಟರ್ ಮುಂದೆ ‘ಪರವಾಗಿಲ್ಲ’ ಅನ್ನಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಸುತ್ತುತ್ತಿತ್ತು. ‘ಕೊಟ್ಟಿದ್ದೇ ಸಾಕು, ಇನ್ನೂ ಜಾಸ್ತಿ ಕೇಳಿದರೆ ಭಿಕ್ಷೆ ಬೇಡಿದ ಹಾಗೆ’ ಎಂದೆ. ಅಮೆರಿಕದ ಸೈನ್ಯದಲ್ಲಿ ಒಟ್ಟಿಗೆ ಹೊರೆ ಹೊತ್ತವರು ನಾವು. ಆ ಹೊರೆ ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ. ನಿನ್ನ ಮೈಗ್ರೇನ್‌ಗೆ ವಿಎ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆ, 30 ಪರ್ಸೆಂಟ್ ಅಂಗವೈಕಲ್ಯ ಎಂದು ಲೆಕ್ಕ ಹಾಕಿ ಪರಿಹಾರ ಕೊಟ್ಟಾಗ ನೀನು ತಲೆನೋವಿಗೆ ತಿಂಗಳಿಗೊಮ್ಮೆ ಮಲಗುತ್ತಿದ್ದೆ. ಈಗ ವಾರಕ್ಕೆ ಎರಡು ಸಲ ಕತ್ತಲೆ ಕೋಣೆ ಸೇರುತ್ತೀಯ. ಕಾಯಿಲೆ ಮುಂದೆ ಹೋಗಿದೆ, ಕಾಗದ ಅಲ್ಲೇ ನಿಂತಿದೆ. ಇದರಲ್ಲಿ ಭಿಕ್ಷೆ ಎಲ್ಲಿಂದ ಬಂತು?

ನನ್ನ ಕಥೆ ಪೂರ್ತಿ ನಿನಗೆ ಹೇಳಿಲ್ಲ. ನಾಚಿಕೆಯಾಗಿತ್ತು. ಬೆನ್ನುನೋವಿಗೆ ನನಗಿದ್ದದ್ದು 10 ಪರ್ಸೆಂಟ್. ಜಾಸ್ತಿ ಮಾಡಿ ಎಂದು ಅರ್ಜಿ ಹಾಕಿದೆ, ತಪಾಸಣೆಗೆ ಕರೆದರು. ಡಾಕ್ಟರ್ ‘ಹೇಗಿದ್ದೀರಿ?’ ಎಂದರು. ‘ಚೆನ್ನಾಗಿದ್ದೇನೆ’ ಎಂದುಬಿಟ್ಟೆ! ಮನೆ ಹೊತ್ತಿ ಉರಿಯುತ್ತಿದ್ದರೂ ‘ಪರವಾಗಿಲ್ಲ, ನಡೀತಿದೆ’ ಅನ್ನೋ ಜನ ನಾವು, ಅಲ್ವಾ? ಮುಂದಕ್ಕೆ ಬಗ್ಗಿ ಎಂದರು. ಹಲ್ಲು ಕಚ್ಚಿಕೊಂಡು ಬಗ್ಗಿದೆ, ಸೈನ್ಯದಲ್ಲಿ ಕಲಿತದ್ದೇ ಅದು. 65 ಡಿಗ್ರಿಗೆ ಹೋಗಿ ನಿಂತೆ. ನಿಯಮ ಹೀಗಿದೆ: 60 ದಾಟಿ 85ರೊಳಗೆ ಬಗ್ಗಿದರೆ 10 ಪರ್ಸೆಂಟ್, 30 ದಾಟಿ 60ರೊಳಗೆ ನಿಂತರೆ 20, 30ಕ್ಕಿಂತ ಮೇಲೆ ಹೋಗಲು ಆಗದಿದ್ದರೆ 40. ಐದು ಡಿಗ್ರಿ ಜಂಬಕ್ಕೆ ನಾನು ಇದ್ದಲ್ಲೇ ಉಳಿದೆ. ಡಾಕ್ಟರದ್ದೇನೂ ತಪ್ಪಿಲ್ಲ, ಕಂಡದ್ದನ್ನು ಬರೆದರು.

ಎರಡನೇ ಸಲ ಬಾಯಿ ಬಿಟ್ಟೆ. ನೋವು ಎಲ್ಲಿ ಶುರುವಾಗುತ್ತದೆ, ಬೆನ್ನು ಹಿಡಿದುಕೊಂಡ ದಿನ ಷೂ ಲೇಸ್ ಯಾರು ಕಟ್ಟುತ್ತಾರೆ, ಎಲ್ಲ ಹೇಳಿದೆ. ಬೆನ್ನಿಗೆ 20 ಸಿಕ್ಕಿತು. ಕಾಲಿಗೆ ಇಳಿಯುವ ನರದ ನೋವಿಗೆ ಬೇರೆಯೇ 20. ಕಿವಿಯ ಗುಂಯ್‌ಗೆ ಮೊದಲೇ 10 ಇತ್ತು. ಕೂಡಿದರೆ 50 ಅಂದುಕೊಂಡೆಯಾ? ಇಲ್ಲ! ಪೂರ್ತಿ ಗಟ್ಟಿಯಾದ ಮೈ 100 ಅಂತ ಲೆಕ್ಕ, ಅದರಲ್ಲಿ ಮೊದಲು 20 ಹೋಯಿತು. ಉಳಿದ 80ರಲ್ಲಿ ಇಪ್ಪತ್ತು ಪರ್ಸೆಂಟ್ ಅಂದರೆ 16, ಒಟ್ಟು 36. ಮಿಕ್ಕ 64ರಲ್ಲಿ ಹತ್ತು ಪರ್ಸೆಂಟ್, ಅಂದರೆ ಸುಮಾರು 6, ಸೇರಿಸಿದರೆ 42. ಹತ್ತಿರದ ಹತ್ತಕ್ಕೆ ತಂದು 40 ಅಂತಾರೆ. ಈ ಗಣಿತ ಕಲಿಸಿದ ಮೇಷ್ಟ್ರು ಸಿಕ್ಕರೆ ಕೇಳಬೇಕು.

ಸರಿ, ನಿನ್ನ ವಿಷಯ. ಇವತ್ತೇ ‘ಇಂಟೆಂಟ್ ಟು ಫೈಲ್’ ಹಾಕು, ಅಂದರೆ ಅರ್ಜಿ ಹಾಕಲಿದ್ದೇನೆ ಎಂದು ಮೊದಲೇ ತಿಳಿಸುವ ಫಾರ್ಮ್ 21-0966. ಅದರಿಂದ ಒಂದು ವರ್ಷ ಕೈಗೆ ಸಿಗುತ್ತದೆ. ಅಷ್ಟರಲ್ಲಿ ಅಸಲಿ ಅರ್ಜಿಯಾದ ಫಾರ್ಮ್ 21-526ಇಝಡ್ ಕೊಟ್ಟರೆ ಇವತ್ತಿನ ದಿನಾಂಕದಿಂದಲೇ ಹಣದ ಲೆಕ್ಕ ಸಿಗುವ ದಾರಿ ಇರುತ್ತದೆ. ಒಂದು ನೋಟ್‌ಬುಕ್ ಇಡು. ತಲೆನೋವು ಬಂದ ದಿನ, ಎಷ್ಟು ಗಂಟೆ ಮಲಗಿದ್ದೆ, ಕೆಲಸಕ್ಕೆ ಎಷ್ಟು ದಿನ ರಜೆ ಹಾಕಿದೆ, ಇಷ್ಟೇ ಬರೆ. ಮೈಗ್ರೇನ್‌ಗೆ ಸಿಗುವುದು ಹೆಚ್ಚೆಂದರೆ 50. ಅದಕ್ಕೆ ಅವರು ನೋಡುವುದು ಏಳಲಾಗದ ಹಾಗೆ ಮಾಡುವ ದೀರ್ಘ ನೋವು ಪದೇ ಪದೇ ಬರುತ್ತದಾ, ಸಂಪಾದನೆಗೆ ಪೆಟ್ಟು ಬಿದ್ದಿದೆಯಾ ಎಂದು. ನಿನ್ನ ಹೆಂಡತಿಯೂ ಕಂಡದ್ದನ್ನು ಸಾಕ್ಷಿ ಹೇಳಿಕೆಯ ಫಾರ್ಮ್ 21-10210ರಲ್ಲಿ ಬರೆದುಕೊಡಲಿ. ನೀನು ಮುಚ್ಚಿಡುವುದನ್ನು ಆಕೆ ಮುಚ್ಚಿಡುವುದಿಲ್ಲ, ನನಗೆ ಗೊತ್ತು.

ಇದ್ದದ್ದೂ ಕಡಿಮೆಯಾದರೆ ಎಂದು ಕೇಳಿದೆಯಲ್ಲ. ಆ ಅಪಾಯ ಇದ್ದೇ ಇದೆ, ಸುಳ್ಳು ಹೇಳಲ್ಲ. ಆದರೆ ನಿನ್ನ 30 ಬಂದು ಐದು ವರ್ಷ ದಾಟಿದೆ. ಇನ್ನು ಒಂದು ಒಳ್ಳೆಯ ದಿನದ ತಪಾಸಣೆ ನೋಡಿ ಇಳಿಸುವ ಹಾಗಿಲ್ಲ. ನಿಜವಾಗಿಯೂ ಗುಣವಾಗಿದೆ, ಹಾಗೇ ಉಳಿಯುತ್ತದೆ ಎಂದು ಕಾಣಬೇಕು. ಹಾಗಂತ ಇಲ್ಲದ್ದನ್ನು ಸೇರಿಸಿ ಹೇಳಬೇಡ. ನಿನಗೆ ಇರುವುದೇ ಬೇಕಾದಷ್ಟಿದೆ!

ಮಾನ್ಯತೆ ಇರುವ ಮಾಜಿ ಸೈನಿಕರ ಸಂಘದ ಪ್ರತಿನಿಧಿಗಳು ಅರ್ಜಿಗೆ ಸುಮ್ನೆ ಸಹಾಯ ಮಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಸಿಕ್ಕಿದ್ದರಲ್ಲಿ ಪಾಲು ಕೊಡು ಅನ್ನುವವರ ಫೋನ್ ಎತ್ತಬೇಡ.

ಭಾನುವಾರ ಇಬ್ಬರೂ ಕೂತು ಫಾರ್ಮ್ ತುಂಬೋಣ. ಬೆಳಗ್ಗೆ ಬೇಗ ಬೇಡ, ಹತ್ತು ಗಂಟೆಯವರೆಗೆ ನನ್ನ ಬೆನ್ನು ಯಾರ ಮಾತೂ ಕೇಳುವುದಿಲ್ಲ.

ನಿನ್ನ
ಗೆಳೆಯ