ಎಳ್ಳ ಅಮಾವಾಸ್ಯೆ ರಾತ್ರಿ ಮಾಳಿಗೆ ಮೇಲಿಂದ ಓರಿಯನ್ ನೆಬ್ಯುಲಾ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಸದಸ್ಯರೆಲ್ಲರೂ ಎಳ್ಳ ಅಮಾವಾಸ್ಯೆ ರಾತ್ರಿ 10ರಿಂದ 12ರವರೆಗೆ ನಮ್ಮ ನಮ್ಮ ಮನೆ ಮಾಳಿಗೆಯಿಂದಲೇ ಓರಿಯನ್ ನೆಬ್ಯುಲಾ (ಆಕಾಶದಲ್ಲಿರುವ ಅನಿಲ, ದೂಳಿನ ಮೋಡ) ಫೋಟೋ ತೆಗೆಯೋಣ. ಚರಗ ಚೆಲ್ಲಿ ಹೊಲದಿಂದ ಬಂದು ದಣಿದಿರುತ್ತೀರಿ, ಗೊತ್ತು. ಆದರೆ ಚಂದ್ರನಿಲ್ಲದ ಇಂಥ ರಾತ್ರಿ ಬಿಡಬಾರದು.

ಓರಿಯನ್ (ಮಹಾವ್ಯಾಧ) ನಕ್ಷತ್ರಪುಂಜದಲ್ಲಿ ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ಮಸುಕಾಗಿ ಕಾಣುವುದೇ ಅದು. ಸುಮಾರು 1,300 ಜ್ಯೋತಿರ್ವರ್ಷ ದೂರ.

ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇಲ್ಲದಿದ್ದರೂ ನಡೆಯುತ್ತೆ. ಟ್ರೈಪಾಡ್ ಬೇಕೇ ಬೇಕು. ಶಟರ್ ತೆರೆದಿರುವ ಸಮಯ 50 ಎಂಎಂ ಲೆನ್ಸ್‌ಗೆ 5 ಸೆಕೆಂಡ್, 135ಕ್ಕೆ 2 ಸೆಕೆಂಡ್. ಜಾಸ್ತಿ ಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗುತ್ತವೆ. ಐಎಸ್‌ಓ (ಬೆಳಕಿನ ಸಂವೇದನೆ) 1600, ರಾ (RAW) ಫೈಲ್. ಕನಿಷ್ಠ 200 ಫೋಟೋ ತೆಗೆಯಿರಿ. ಅಷ್ಟನ್ನೂ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸೇರಿಸಿದರೆ ಫೋಟೋದಲ್ಲಿನ ಕಾಳುಕಾಳು ಚುಕ್ಕೆ (ನಾಯ್ಸ್) ಇಳಿದು ಮಸುಕು ಮೋಡ ಎದ್ದು ಕಾಣುತ್ತೆ. ಕೊನೆಗೆ ಲೆನ್ಸ್ ಮುಚ್ಚಳ ಹಾಕಿ, ಅದೇ ಸೆಟ್ಟಿಂಗ್‌ನಲ್ಲಿ 20 ಫೋಟೋ; ಕ್ಯಾಮೆರಾದ್ದೇ ನಾಯ್ಸ್ ಆಮೇಲೆ ಕಳೆಯಲು ಇವು ಬೇಕು. ಇದನ್ನು ದಯವಿಟ್ಟು ಮರೆಯಬೇಡಿ.

ಬೀದಿದೀಪ ಕಣ್ಣಿಗೆ ಹೊಡೆದರೆ ನೀರಿನ ಟ್ಯಾಂಕ್ ಮರೆಗೆ ನಿಲ್ಲಿ. ಇಬ್ಬನಿ ಬೀಳುತ್ತೆ, ಲೆನ್ಸ್ ಆಗಾಗ ನೋಡುತ್ತಿರಿ.

ಗ್ಯಾಲಕ್ಸಿ ಬೇಕೆನ್ನುವವರು 7.30ಕ್ಕೇ ಮಾಳಿಗೆ ಹತ್ತಿ. ಆಂಡ್ರೊಮಿಡಾ ಗ್ಯಾಲಕ್ಸಿ ಉತ್ತರದ ಕಡೆ ಎತ್ತರದಲ್ಲಿರುತ್ತೆ.

ಭಾಗವಹಿಸುವವರು ನಿಮ್ಮ ಏರಿಯಾ, ಕ್ಯಾಮೆರಾ, ಲೆನ್ಸ್ ಯಾವುದೆಂದು ಹಿಂದಿನ ದಿನ ಸಂಜೆಯೊಳಗೆ ಇಲ್ಲಿ ತಿಳಿಸಿ. ಫೋಟೋಗಳನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ, ಸುಮ್ನೆ ಫೋಟೋ ಆಗಿ ಕಳಿಸಿದರೆ ವಿವರ ಹಾಳಾಗುತ್ತೆ.