ಬಳ್ಳಾರಿಯ ಹವಳದ ಟ್ಯಾಂಕಿಗೆ ಕಾಕಾನ ಕಾಗದ

ಗಂಗಾವತಿ

ಚಿ. ವೀರೇಶನಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಅಂಕಿ ನೋಡಿದೆ. 200 ಲೀಟರ್ ನೀರು, ನೈಟ್ರೇಟ್ 40 ಪಿಪಿಎಂ (ಅಂದರೆ ಲೀಟರಿಗೆ 40 ಮಿಲಿಗ್ರಾಂ), ಬಂಡೆಯ ಮೇಲೆಲ್ಲ ಹಸಿರು ಕೂದಲು ಪಾಚಿ. ಫಾಸ್ಫೇಟ್ 130 ಬಂತೆಂದು ಗಾಬರಿಯಾಗಿದ್ದೀ. ಮೊದಲು ಆ 130ರ ವಿಷಯ ಮುಗಿಸೋಣ. ನಿನ್ನ ಹತ್ತಿರ ಇರುವ ಹನ್ನಾ ಮೀಟರ್ ತೋರಿಸುವುದು ಫಾಸ್ಫೇಟನ್ನಲ್ಲ, ಫಾಸ್ಫರಸನ್ನು (ರಂಜಕ), ಅದೂ ಪಿಪಿಬಿಯಲ್ಲಿ, ಅಂದರೆ ಪಿಪಿಎಂನ ಸಾವಿರದಲ್ಲೊಂದು ಪಾಲಿನಲ್ಲಿ. 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ 0.4 ಪಿಪಿಎಂ ಆಗುತ್ತದೆ. ಹೆಚ್ಚೇ ಸರಿ, ಆದರೆ ಟ್ಯಾಂಕು ಮುಳುಗಿಹೋಗಿಲ್ಲ. ಅಳೆಯುವಾಗ ಗಾಜಿನ ಶೀಶೆಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸು. ಬೆರಳಚ್ಚು, ಒಂದು ಹನಿ ನೀರು, ಒಳಗೆ ಅಂಟಿದ ಒಂದು ಗುಳ್ಳೆ ಇದ್ದರೂ ಅಂಕಿ ಏರುತ್ತದೆ. ಅಳೆಯಲು ಬೆರೆಸುವ ಪುಡಿಯ ಪೊಟ್ಟಣದ ಮೂಲೆಯಲ್ಲಿ ಚೂರು ಉಳಿದರೆ ಇಳಿಯುತ್ತದೆ.

ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1, ಅಷ್ಟಕ್ಕೆ ತಂದು ನಿಲ್ಲಿಸು. ಸೊನ್ನೆ ಮಾಡಲು ಹೋಗಬೇಡ. ಹವಳದ ಮೈಯೊಳಗಿರುವ ಸೂಕ್ಷ್ಮ ಪಾಚಿಗೂ ಸಾರಜನಕ, ರಂಜಕ ಬೇಕು. ಎರಡೂ ಸೊನ್ನೆಯಾದರೆ ಹವಳ ಬಿಳಚಿಕೊಳ್ಳುತ್ತದೆ, ಮರಳಿನ ಮೇಲೆ ಗುಳ್ಳೆ ಸಿಕ್ಕಿಸಿಕೊಂಡ ಕಂದು ಲೋಳೆ ಹಬ್ಬುತ್ತದೆ. ಅದು ಡೈನೊ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ). ಕೂದಲು ಪಾಚಿಯನ್ನು ಕೈಯಿಂದ ಕೀಳಬಹುದು, ಡೈನೊ ತೊಲಗಿಸಲು ತಿಂಗಳುಗಳೇ ಬೇಕು.

ಇಲ್ಲಿ ಭತ್ತಕ್ಕೆ ಹಾಕಿದ ಯೂರಿಯಾ, ಡಿಎಪಿ ಬಸಿಗಾಲುವೆ ಸೇರಿದರೆ ಅಲ್ಲಿ ಪಾಚಿ ಹೇಗೆ ಕಟ್ಟುತ್ತದೆಂದು ನೀನೂ ಕಂಡಿದ್ದೀ. ನಿನ್ನ ಟ್ಯಾಂಕಿಗೂ ದಿನಾ ಎಲ್ಲಿಂದಲೋ ಗೊಬ್ಬರ ಬೀಳುತ್ತಿದೆ. ನನ್ನ ಅನುಮಾನ ನೀರಿನ ಮೇಲೆ. ಅಡುಗೆಮನೆಯ ಆರ್‌ಓ ಸಾಕೆಂದು ಬರೆದಿದ್ದೀ. ಸಾಲದು. ಕುಡಿಯಲು ರುಚಿ ಇರಲೆಂದು ಅಂಥ ಎಷ್ಟೋ ಯಂತ್ರಗಳಲ್ಲಿ ಒಂದಿಷ್ಟು ಮೂಲ ನೀರನ್ನೇ ಮತ್ತೆ ಬೆರೆಸುವ ತಿರುಪು ಇರುತ್ತದೆ. ಮೇಲಾಗಿ ಮೆಂಬ್ರೇನು ಬೇರೆ ಲವಣ ತಡೆದಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಬಳ್ಳಾರಿ ಬಿಸಿಲಿಗೆ ನೀನು ಫ್ಯಾನ್ ಹಚ್ಚಿದ್ದೀ, ಒಣಗಾಳಿಗೆ ಅದು ಚೆನ್ನಾಗಿಯೇ ತಂಪು ಮಾಡುತ್ತದೆ, ಆದರೆ ದಿನಕ್ಕೆ 5 ಲೀಟರ್ ಆವಿಯಾಗುತ್ತದೆಂದು ನೀನೇ ಬರೆದಿದ್ದೀ. ಆರುವುದು ನೀರು ಮಾತ್ರ. ಸಾರು ಬತ್ತಿದಂತೆ ಉಳಿದದ್ದೆಲ್ಲ ಕೆಳಗೇ ಇರುತ್ತದೆ. ಮೇಲೆ ಸುರಿಯುವ ನೀರಿನಲ್ಲಿ 10 ಪಿಪಿಎಂ ನೈಟ್ರೇಟ್ ಇದ್ದರೂ ತಿಂಗಳಿಗೆ ಟ್ಯಾಂಕಿನಲ್ಲಿ 7.5 ಏರುತ್ತದೆ, ಮೀನಿಗೆ ಒಂದು ಕಾಳು ಹಾಕದಿದ್ದರೂ. ಆರ್‌ಓ ಆದಮೇಲೆ ಡಿಐ ರೆಸಿನ್ (ಉಳಿದ ಲವಣ ಹೀರುವ ಕಾಳುಗಳು) ಕೂಡಿಸು. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 0 ಇರಲಿ. 1, 2 ತೋರಿಸಲು ಶುರುವಾದ ದಿನವೇ ರೆಸಿನ್ ಬದಲಿಸು.

ಹೆಪ್ಪುಗಟ್ಟಿದ ಆಹಾರವನ್ನು ಲೋಟದಲ್ಲಿ ಕರಗಿಸಿ, ಚಹಾ ಸೋಸುವ ಜರಡಿಯಲ್ಲಿ ಬಸಿದು ಹಾಕು. ಇದರಿಂದ ಜಾದೂ ಏನೂ ಆಗುವುದಿಲ್ಲ, ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕುವುದು ಇನ್ನೂ ಮುಖ್ಯ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಬಟ್ಟಲಿನ ಕತ್ತನ್ನು ಮೂರು ದಿನಕ್ಕೊಮ್ಮೆ ಒರೆಸು, ಜಿಡ್ಡು ಕಟ್ಟಿದರೆ ನೊರೆ ಏರುವುದಿಲ್ಲ. ಸಂಪಿನ (ಅಂಗಳದ ಸಂಪಲ್ಲ, ಟ್ಯಾಂಕಿನ ಕೆಳಗಿನದು) ಫಿಲ್ಟರ್ ಹತ್ತಿಯನ್ನೂ ಆಗಲೇ ಬದಲಿಸು.

ಇನ್ನು ಇಳಿಸುವ ಲೆಕ್ಕ. ವಾರಕ್ಕೆ 40 ಲೀಟರ್ ಬದಲಿಸು. ಹೊಸದಾಗಿ ಏನೂ ಸೇರದಿದ್ದರೆ ನೈಟ್ರೇಟ್ 40ರಿಂದ 32, ಆಮೇಲೆ 26, 20, ನಾಲ್ಕನೇ ವಾರಕ್ಕೆ 16ರ ಸುಮಾರಿಗೆ ಬರುತ್ತದೆ. ಫಾಸ್ಫೇಟ್ ಹಾಗೆ ಬಗ್ಗುವುದಿಲ್ಲ. ಸುಣ್ಣದ ಬಂಡೆ, ಮರಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ನೀರಿನಲ್ಲಿ ಅದು ಕಡಿಮೆಯಾದೊಡನೆ ಮತ್ತೆ ಬಿಡುತ್ತವೆ. ನೀರು ಬದಲಿಸಿದ ಎರಡು ದಿನಕ್ಕೆ ಹಳೆ ಅಂಕಿಯೇ ಬಂದರೆ ಮೀಟರನ್ನು ಬೈಯಬೇಡ. ಇದಕ್ಕೆ ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಹರಳು) ಹಾಕಬೇಕು. ಪೊಟ್ಟಣದ ಮೇಲೆ ಹೇಳಿದ್ದರ ಅರ್ಧ ಅಳತೆ, ಕೆಂಪು ಪುಡಿ ಹೋಗುವವರೆಗೆ ತೊಳೆದು. ಎರಡು ದಿನಕ್ಕೊಮ್ಮೆ ಅಳೆ. ವಾರಕ್ಕೆ 0.1ಕ್ಕಿಂತ ಹೆಚ್ಚು ಇಳಿದರೆ ಒಂದಿಷ್ಟು ತೆಗೆದಿಡು. ಕ್ಷಾರತೆ 8 ಡಿಕೆಎಚ್ (ಕ್ಷಾರತೆಯ ಅಳತೆ) ಹತ್ತಿರವೇ ಇರಲಿ. ಪೋಷಕಾಂಶ ಕಡಿಮೆಯಾಗಿ ಕ್ಷಾರತೆ 10, 11 ಇದ್ದರೆ ಕವಲು ಹವಳದ ತುದಿ ಸುಟ್ಟಂತೆ ಬೆಳ್ಳಗಾಗುತ್ತದೆ.

ಟ್ಯಾಂಕಿಗೆ ವೋಡ್ಕಾ ಹನಿಸಿದರೆ ನೈಟ್ರೇಟ್ ಇಳಿಯುತ್ತದೆಂದು ನಿನ್ನ ಗೆಳೆಯ ಹೇಳಿದ್ದು ಸುಳ್ಳಲ್ಲ. ಅದರ ಇಂಗಾಲ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬೆಳೆಯುವಾಗ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಎಳೆದುಕೊಳ್ಳುತ್ತದೆ, ಆಮೇಲೆ ಸ್ಕಿಮ್ಮರ್ ಅದನ್ನು ಹೊರಹಾಕುತ್ತದೆ. ಆದರೆ ಅದು ಉಸಿರಾಡುವುದೂ ಅದೇ ನೀರಿನ ಆಮ್ಲಜನಕವನ್ನು. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಏಪ್ರಿಲ್ ರಾತ್ರಿ ಕರೆಂಟು ಹೋಗಿ ಸ್ಕಿಮ್ಮರ್ ನಿಂತರೆ ಬೆಳಗಿನೊಳಗೆ ಮೀನು ತೇಲುತ್ತವೆ. ಮಳೆಗಾಲ ಬರುವವರೆಗೆ, ಇನ್ವರ್ಟರ್ ಕೂಡಿಸುವವರೆಗೆ ಅದನ್ನು ಮುಟ್ಟಬೇಡ. ಆಮೇಲೂ ಬೇಕೆನಿಸಿದರೆ 200 ಲೀಟರಿಗೆ ದಿನಕ್ಕೆ 0.2 ಮಿಲಿಯಿಂದ, ಸಿರಿಂಜಿನಲ್ಲಿ ಅಳೆದು, ಶುರು ಮಾಡು.

ಈ ವಾರ ರೆಸಿನ್ ಮತ್ತು ನೀರು ಬದಲಿಸುವುದು ಮಾತ್ರ. ಜಿಎಫ್‌ಓ ಮುಂದಿನ ವಾರ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ನಿನಗೂ ತಿಳಿಯದು, ನನಗೂ ಹೇಳಲಾಗದು. ನಾಲ್ಕು ವಾರದ ಅಂಕಿ ತಾರೀಖು ಹಾಕಿ ಕಳಿಸು, ಶೀಶೆ ಒರೆಸಿ ಅಳೆದವು.

ಇಂತಿ ನಿನ್ನ
ಕಾಕಾ